ಕೆಂಪು ದೀಪ ಹತ್ತಲಿಲ್ಲ

ಮಿರಜಿನ ಕಣ್ಣಿನ ಆಸ್ಪತ್ರೆಯ ಎದುರು ಬೇವಿನ ಗಿಡದ ನೆರಳಲ್ಲಿ ನಿಲ್ಲಿಸಿದ್ದ ಕಾರಿನೊಳಗೆ ಕೂತು ಶ್ರೇಣಿಕ ಕೀಲಿ ತಿರುವಿದಾಗ ಬ್ಯಾಟರಿಯ ಗುರುತಿನ ಕೆಂಪು ದೀಪ ಹತ್ತಲಿಲ್ಲ. ಹತ್ತದಿದ್ದುದನ್ನು ಕಂಡು ಅವನಿಗೆ ಒಳಗೊಳಗೇ ಹಿಗ್ಗಾಯಿತು. ದೀಪಾವಳಿ ಮುಗಿದಾಗಿನಿಂದ ಆ ದೀಪ ಅವನ ಮಾನ ಕಳೆದಿತ್ತು. ಕಾಗವಾಡದ ಪೇಟೆಯಲ್ಲಿ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಅಂಗಡಿ ಅವನದು. ಜುಗೂಳದಿಂದ, ಶೇಡಬಾಳದಿಂದ, ಹೊಳೆಯಾಚೆಯಿಂದಲೂ ಸುಟ್ಟ ಪಂಪಸೆಟ್ಟುಗಳನ್ನು ಹೊತ್ತುಕೊಂಡು ಬರುವವರು ಅವನ ಕೈಗುಣ ನಂಬಿ ಬರುತ್ತಿದ್ದರು. ಅಂಥವನ ಸ್ವಂತ ಗಾಡಿ, ಅಪ್ಪ ಸಾಂಗಲಿಯಿಂದ ತಂದ ಹಳೆಯ ಡೀಸೆಲ್ ಕಾರು, ಒಮ್ಮೆ ಬ್ಯಾಟರಿ ತುಂಬಿಕೊಳ್ಳುತ್ತಿತ್ತು, ಒಮ್ಮೆ ಇಲ್ಲ. ರಸ್ತೆಯ ಮೇಲೆ ಮಿಣುಕುತ್ತಿದ್ದ ದೀಪ ಅಂಗಡಿಯ ಮುಂದೆ ನಿಲ್ಲಿಸಿ ಮೀಟರು ಹಚ್ಚಿದರೆ ಸಾಧುವಿನಂತೆ ಆರಿಬಿಡುತ್ತಿತ್ತು. ಬೆಲ್ಟು ಬಿಗಿ ಮಾಡಿದ, ಡೈನಮೋ ಬಿಚ್ಚಿ ಬ್ರಶ್ಶು ಬದಲಿಸಿದ, ಬ್ಯಾಟರಿಯ ತುದಿಗಳನ್ನು ಬಿಸಿನೀರಿನಲ್ಲಿ ತೊಳೆದ, ಎಂಜಿನ್ನಿನಿಂದ ಗಾಡಿಯ ಮೈಗೆ ಹೋಗುವ ಅರ್ಥಿಂಗ್ ಪಟ್ಟಿಯನ್ನು ಮರಳು ಕಾಗದದಿಂದ ತಿಕ್ಕಿ ಬಂಗಾರ ಮಾಡಿದ. ಊಹೂಂ. ಎದುರಿನ ಚಹಾದಂಗಡಿಯ ಬಾಕಿನ ಮೇಲೆ ಕಾಲು ಚಾಚಿ ಕೂಡುವ ಬಾಳಾಸಾಬ ದಿನಾ ಒಂದು ಮಾತು ಎಸೆಯುತ್ತಿದ್ದ. “ಏನ್ ಶ್ರೇಣಿಕಣ್ಣಾ, ಊರ ಮೋಟಾರೆಲ್ಲಾ ಸುತ್ತತಿ, ನಿನ್ನ ಗಾಡಿ ರೋಗ ನಿನಗ ತಿಳೀವಲ್ದಲ್ಲೋ. ದೀಪದ ಬುಡಕ ಕತ್ತಲಿ ಅಂತ ನಿನ್ನ ನೋಡೇ ಅಂದಿರಬೇಕ ನೋಡು.” ಶ್ರೇಣಿಕ ನಗುತ್ತಿದ್ದ. ನಕ್ಕು ಒಳಗೆ ಹೋಗಿ ತಾಮ್ರದ ತಂತಿಯ ಸುರುಳಿಯನ್ನು ಕಾರಣವಿಲ್ಲದೆ ಬಿಚ್ಚಿ ಮತ್ತೆ ಸುತ್ತುತ್ತಿದ್ದ.

ನಿನ್ನೆ ಸಂಜೆ ಹಟಕ್ಕೆ ಬಿದ್ದು ಡ್ಯಾಶ್‌ಬೋರ್ಡನ್ನೇ ಕಳಚಿದ್ದ. ಖಾನೆಯಲ್ಲಿದ್ದ ಹಳೆಯ ಕಾಗದಗಳು, ಟಾರ್ಚು, ಅವ್ವನ ಖಡಿಸಕ್ಕರೆಯ ಡಬ್ಬಿ ಎಲ್ಲವನ್ನೂ ಅಂಗಡಿಯ ಮೇಜಿನ ಮೇಲೆ ಹರಡಿ, ಹಿಂದಿನ ವಾಯರುಗಳನ್ನು ಒಂದೊಂದಾಗಿ ಒತ್ತಿ ಕೂರಿಸಿ, ಮತ್ತೆ ಜೋಡಿಸಿದ. ಗಾಡಿ ಚಾಲೂ ಮಾಡಿ ಜೋರಾಗಿ ರೇಸು ಕೊಟ್ಟರೆ ಮೀಟರು ಹದಿನಾಲ್ಕು ವೋಲ್ಟು ತೋರಿಸಿತು, ದೀಪ ಒಮ್ಮೆಯೂ ಇಣುಕಲಿಲ್ಲ. “ಮುಗೀತು ನೋಡು” ಎಂದು ಮನೆಗೆ ಬಂದು ಹೆಂಡತಿ ಮನಿಷಾಗೆ ಹೇಳಿದ್ದ. ಅವಳು ರೊಟ್ಟಿ ಬಡಿಯುತ್ತ “ಏನ ಮುಗೀತ್ರಿ?” ಎಂದಿದ್ದಳು. ಅದೇನು ಎಂದು ವಿವರಿಸಲು ಹೋದರೆ ತನಗೂ ಗೊತ್ತಿಲ್ಲವೆಂಬುದು ಬಯಲಾಗುತ್ತಿತ್ತು. ಯಾವ ಕೊಂಡಿ ಸಡಿಲಾಗಿತ್ತು, ಯಾವುದನ್ನು ತಾನು ಸರಿಪಡಿಸಿದೆ ಎಂಬುದು ತಿಳಿಯದೆ ರೋಗ ವಾಸಿಯಾಗಿತ್ತು. ತಿಳಿಯದೆ ವಾಸಿಯಾದ ರೋಗ ವಾಸಿಯಾದ ಹಾಗಲ್ಲ ಎಂದು ಮೋಟಾರು ತಂದವರಿಗೆ ಅವನೇ ಹೇಳುತ್ತಿದ್ದ ಮಾತು ರಾತ್ರಿ ಒಮ್ಮೆ ನೆನಪಿಗೆ ಬಂದಿತ್ತು. ಮಗ್ಗಲು ಬದಲಿಸಿ ಮಲಗಿದ್ದ.

ಈಗ ಸೆಲ್ಫು ಯಾಕೋ ತುಸು ಭಾರವಾಗಿ ತಿರುಗಿತು. ನೆರಳಲ್ಲಿ ನಿಂತ ಗಾಡಿ, ಎಂಜಿನ್ನು ತಣ್ಣಗಾಗಿರಬೇಕು ಎಂದುಕೊಂಡ. ಪಕ್ಕದ ಸೀಟಿನಲ್ಲಿ ಅವ್ವ, ಕಾಶಿಬಾಯಿ, ಕಾಲು ಮಡಚಿ ಮನೆಯ ಪಡಸಾಲೆಯಲ್ಲಿ ಕೂತಂತೆ ಕೂತಿದ್ದಳು. ಸಕ್ಕರೆ ಬೇನೆ ಅವಳ ಕಣ್ಣಿಗೆ ಇಳಿದಿದೆಯೋ ಎಂದು ನೋಡಲು ಡಾಕ್ಟರು ಕಣ್ಣಿಗೆ ಹನಿ ಹಾಕಿ ಪಾಪೆ ಅಗಲ ಮಾಡಿದ್ದರು. ಅಗಲವಾದ ಕಪ್ಪು ಪಾಪೆಗಳಲ್ಲಿ ಅವಳು ಬೇರೆ ಯಾರೋ ಮುದುಕಿಯಂತೆ ಕಂಡಳು. “ಎಲ್ಲಾ ಮಂಜ ಮಂಜ ಕಾಣತೈತೋ” ಎಂದು ತನ್ನ ಅಂಗೈಯನ್ನು ಮೂಗಿನ ಹತ್ತಿರ ಹಿಡಿದು ನೋಡಿಕೊಂಡಳು. ಅಂಗೈ ನೋಡಿಕೊಳ್ಳುವುದು ಅವಳ ಹಳೆಯ ರೂಢಿ. ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನೂ ಇಡುವುದಿಲ್ಲ, ನೀರು ಸಹ ಇಲ್ಲ ಎಂದು ಗಂಡ ತೀರಿದ ವರ್ಷ ಚಾತುರ್ಮಾಸಕ್ಕೆ ಬಂದ ಜೈನ ಮುನಿಮಹಾರಾಜರ ಎದುರು ನೇಮ ಹಿಡಿದವಳು. ಅದಕ್ಕೂ ಮೊದಲು ಮನೆಯಲ್ಲಿ ಎಲ್ಲರೂ ಹೊತ್ತಿದ್ದಾಗಲೇ ಉಣ್ಣುತ್ತಿದ್ದರು. ಆದರೆ ಅದು ರೂಢಿ, ಇದು ನೇಮ. ಅಂಗೈಯ ಗೆರೆ ಕಾಣುವಷ್ಟು ಬೆಳಕಿದ್ದರೆ ಉಣ್ಣುವಳು, ಕಾಣದಿದ್ದರೆ ತಾಟಿನ ಮುಂದಿನಿಂದ ಎದ್ದುಬಿಡುವಳು. ಗಡಿಯಾರದ ಮಾತು ಅವಳಿಗೆ ಬೇಕಿರಲಿಲ್ಲ.

ಮಹೈಶಾಳ ದಾಟಿ ಕಾಲುವೆಯ ಹತ್ತಿರ ಗಾಡಿಯನ್ನು ಬದಿಗೆ ಹಾಕಿದ, ಎಂಜಿನ್ನು ಓಡುತ್ತಲೇ ಇತ್ತು. ಚಳಿಗಾಲದ ಗಿಡ್ಡ ಹಗಲಿನಲ್ಲಿ ಈ ಲೆಕ್ಕವನ್ನು ಕಂಡುಹಿಡಿದವನು ಅವನೇ. ಇನ್ಸುಲಿನ್ ಚುಚ್ಚಿದ ಮೇಲೆ ಅರ್ಧ ತಾಸು ಬಿಟ್ಟು ಉಣ್ಣಬೇಕು. ಮನೆಗೆ ಹೋಗಿ ಚುಚ್ಚಿ, ಅರ್ಧ ತಾಸು ಕಾದರೆ ಹೊತ್ತು ಮುಳುಗಿಬಿಡುತ್ತದೆ. ಆದ್ದರಿಂದ ಮಿರಜಿಗೆ ಬಂದಾಗಲೆಲ್ಲ ಕಾಲುವೆಯ ಹತ್ತಿರ ಸೂಜಿ, ಶೇಡಬಾಳದ ಮನೆಯಲ್ಲಿ ತಾಟು. ಮನಿಷಾ ಬಿಸಿ ರೊಟ್ಟಿ, ಬೇಳೆಪಲ್ಯ ಹಚ್ಚಿಟ್ಟು ಬಾಗಿಲಲ್ಲಿ ನಿಂತಿರುತ್ತಾಳೆ. ಈ ಜಾಣತನದ ಬಗ್ಗೆ ಅವನಿಗೆ ಹೆಮ್ಮೆಯಿತ್ತು. ಅವ್ವ ಕುಪ್ಪಸದ ತೋಳನ್ನು ಮೇಲಕ್ಕೆ ಸರಿಸಿ ಕೊಟ್ಟಳು. ತೋಳಿನ ಚರ್ಮ ಒದ್ದೆ ಕಾಗದದಂತೆ ಬೆರಳಿಗೆ ಅಂಟಿ ಬಂತು. “ಹೊತ್ತ ಐತೇನೋ?” ಎಂದಳು. ಹಿಂದಿನ ಕನ್ನಡಿಯಲ್ಲಿ ಸೂರ್ಯ ಕಬ್ಬಿನ ಗರಿಗಳ ಮೇಲೆ ನಿಂತಿದ್ದ. “ಒಂದ ಮಾರ ಎತ್ತರ ಐತವ್ವ. ನಾವು ಮನಿ ಮುಟ್ಟಿ ಕೈಕಾಲ ತೊಳಕೊಂಡ್ರೂ ಇನ್ನಾ ಇರತೈತಿ” ಎಂದು ಸೂಜಿ ಇಳಿಸಿದ. ಅವಳು ಮುಖ ಕಿವುಚಲೂ ಇಲ್ಲ. ನಿನ್ನ ಕೈ ಹಗರ ಐತಿ ಎಂದು ಪ್ರತಿ ಸಲ ಹೇಳುವಂತೆ ಈ ಸಲವೂ ಹೇಳಿದಳು. ಮಧ್ಯಾಹ್ನ ಆಸ್ಪತ್ರೆಯ ಸಾಲಿನಲ್ಲಿ ಅವಳು ಡಬ್ಬಿಯ ಅರ್ಧ ರೊಟ್ಟಿಯನ್ನಷ್ಟೇ ತಿಂದಿದ್ದಳೆಂಬುದು ಆಗ ನೆನಪಾಯಿತು. ಸೂಜಿ ಇಳಿದಾಗಿತ್ತು.

ಗಾಡಿ ಓಡಿಸುತ್ತ ಅವನು ದೀಪವನ್ನು ನೋಡುತ್ತಲೇ ಇದ್ದ. ಕಾಗವಾಡದ ಸಂದಣಿಯಲ್ಲಿ, ಎತ್ತಿನ ಚಕ್ಕಡಿಗಳ ಹಿಂದೆ ನಿಧಾನವಾಗಿ ಹೋಗುವಾಗಲೂ ಅದು ಹತ್ತಲಿಲ್ಲ. ಬಾಳಾಸಾಬ ಬಾಕಿನ ಮೇಲಿದ್ದರೆ ಕೈ ಎತ್ತಿ ತೋರಿಸಬೇಕೆಂದಿದ್ದ. ಬಾಕು ಖಾಲಿ ಇತ್ತು. ಅಂಗಡಿಯ ಬಾಗಿಲಿಗೆ ತಾನೇ ಹಾಕಿದ ಬೀಗವನ್ನು ಯಾರದೋ ಎಂಬಂತೆ ನೋಡಿ ಮುಂದೆ ಹೋದ. ಅವ್ವ ತುಟಿಯಲ್ಲಿ ಣಮೋಕಾರ ಮಂತ್ರ ಹೇಳಿಕೊಳ್ಳುತ್ತಿದ್ದಳು. ಸಣ್ಣವನಿದ್ದಾಗ ಊರ ಹೊರಗಿನ ಬಯಲಲ್ಲಿ ಆಟ ರಂಗೇರಿದ ಹೊತ್ತಿಗೆ ಸರಿಯಾಗಿ ಅವಳು ಬಂದು ನಿಲ್ಲುತ್ತಿದ್ದಳು. “ಶ್ರೇಣಿಕಾ, ಹೊತ್ತ ಹೊಂಟತಿ, ಉಣ್ಣಾಕ ಬಾ.” ಉಳಿದ ಹುಡುಗರು ಅವಳ ದನಿಯನ್ನೇ ಅಣಕಿಸುತ್ತಿದ್ದರು. ಮುಂದೆ ದೊಡ್ಡವನಾಗಿ ತಂತಿ ತರಲು ಮಿರಜಿಗೆ ಹೋದಾಗ ದೀಪ ಹಚ್ಚಿದ ಅಂಗಡಿಗಳಲ್ಲಿ ನಿಂತು ಭಜಿ ತಿಂದು ಬರತೊಡಗಿದ. ಕೈಯನ್ನು ಎಷ್ಟು ತೊಳೆದರೂ ಎಣ್ಣೆಯ ವಾಸನೆ ಹೋಗುತ್ತಿರಲಿಲ್ಲ. ಅವ್ವ ಬಾಗಿಲು ತೆಗೆದು ಒಂದು ತಂಬಿಗೆ ನೀರು ಅವನ ಕೈ ಮೇಲೆ ಹಾಕುತ್ತಿದ್ದಳು, ಏನೂ ಕೇಳುತ್ತಿರಲಿಲ್ಲ. ಕೇಳಿದ್ದರೆ ಸುಳ್ಳು ಹೇಳಿ ಹಗುರಾಗಬಹುದಿತ್ತು. ಕೇಳದೆ ಅವಳು ಅವನನ್ನು ಸುಳ್ಳೂ ಹೇಳಲಾಗದಂಥ ಕಡೆ ನಿಲ್ಲಿಸಿಬಿಡುತ್ತಿದ್ದಳು, ಅದಕ್ಕೆ ಅವನಿಗೆ ಅವಳ ಮೇಲೆ ಸಿಟ್ಟಿತ್ತು, ಈಗಲೂ ಇತ್ತು.

ಶೇಡಬಾಳದ ರೈಲ್ವೆ ಗೇಟು ಹಾಕಿತ್ತು. ಮುಂದೆ ಎರಡು ಟ್ರೇಲರ್ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರು, ಅದರ ಹಿಂದೆ ಇವನ ಕಾರು, ನೋಡನೋಡುತ್ತ ಹಿಂದೆ ಇನ್ನೊಂದು ಟ್ರ್ಯಾಕ್ಟರು, ಅದರ ಹಿಂದೆ ಮತ್ತೊಂದು. ಕಾರ್ಖಾನೆಗೆ ಕಬ್ಬು ಸಾಗುವ ಹಂಗಾಮು, ಹೊಲವೇ ಎದ್ದು ರಸ್ತೆಗೆ ಬಂದಂತಿತ್ತು. ಗೇಟಿನಾಚೆ, ಕಣ್ಣಳತೆಯಲ್ಲೇ, ಊರಿನ ಬಸದಿಯ ಶಿಖರ ಕಾಣುತ್ತಿತ್ತು. ಮುಂದಿನ ಟ್ರ್ಯಾಕ್ಟರಿನ ಹೊಗೆ ಇವನ ಗಾಡಿಯ ಹೊಗೆಗೆ ಕೂಡಿ ಅವ್ವ ಕೆಮ್ಮತೊಡಗಿದಳು. ಯಾರೋ ಕಿಟಕಿಗೆ ಬಡಿದರು. ನೋಡಿದರೆ ಬೈಕಿನ ಮೇಲೆ ಬಾಳಾಸಾಬ. “ಬಂದ್ ಮಾಡೋ ಮಾರಾಯಾ, ಮುದುಕಿ ಕೆಮ್ಮಾಕತ್ತಾಳ. ಇಲ್ಲಾ ಬಂದ್ ಮಾಡಿದ್ರ ಮತ್ತ ಚಾಲೂ ಆಗಂಗಿಲ್ಲೇನು?” ಎಂದು ನಕ್ಕ. ಆ ನಗೆಯನ್ನು ಶ್ರೇಣಿಕ ನೋಡಿದ. ದೀಪವನ್ನೂ ನೋಡಿದ. ಆರಿತ್ತು. “ಯಾಕ ಆಗಂಗಿಲ್ಲ? ನಿನ್ನೇ ರಿಪೇರಿ ಮಾಡೇನಿ” ಎಂದು ಕೀಲಿ ತಿರುವಿ ಎಂಜಿನ್ನು ನಿಲ್ಲಿಸಿದ. ಸದ್ದು ನಿಂತ ಮೇಲೆ ಕಬ್ಬಿನ ಗರಿಗಳು ಗಾಳಿಗೆ ಒಂದಕ್ಕೊಂದು ತಿಕ್ಕುವುದು ಕೇಳಿಸಿತು. ಬಾಳಾಸಾಬನಿಗೆ ತೋರಿಸಲೆಂದೇ, ಏನೂ ಅವಸರವಿಲ್ಲದಿದ್ದರೂ, ಮತ್ತೆ ಕೀಲಿ ತಿರುವಿದ. ಒಳಗೆ ಎಲ್ಲೋ ಟಕ್ ಎಂದು ಒಂದೇ ಸದ್ದಾಯಿತು. ಇನ್ನೊಮ್ಮೆ ತಿರುವಿದ, ಮತ್ತೆ ಟಕ್. ಬ್ಯಾಟರಿ ಸತ್ತಿತ್ತು. ಬೆಳಿಗ್ಗೆಯಿಂದ ಒಂದು ಹನಿಯೂ ತುಂಬಿಕೊಳ್ಳದೆ, ಇದ್ದದ್ದನ್ನೆಲ್ಲ ತಿಂದು, ಬಾಯಿ ಮುಚ್ಚಿಕೊಂಡು ಇಲ್ಲಿಯವರೆಗೆ ಬಂದಿತ್ತು.

ಬಾಳಾಸಾಬ ಈಗ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. “ದೂಡೂಣಂದ್ರ ಹಿಂದ ಮುಂದ ಜಾಗಾ ಇಲ್ಲ. ಹಿಂಗ ಮಾಡು, ಅವ್ವನ್ನ ನನ್ನ ಹಿಂದ ಕುಂದ್ರಸು. ಗೇಟಿನ ಬುಡಕ ಇಳಿಸಿ ದಾಟಿಸ್ಕೊಂಡ ಮನಿಗೆ ಬಿಟ್ಟ ಬರತೀನಿ” ಎಂದ. ಒಳ್ಳೆಯ ಮಾತೇ ಆಗಿತ್ತು. ಕಣ್ಣು ಕಾಣದ ಮುದುಕಿಯನ್ನು ಬೈಕಿನ ಮೇಲೆ ಹೇಗೆ ಕಳಿಸಲಿ, ಹಳಿ ದಾಟುವಾಗ ಎಡವಿದರೆ ಎಂದು ಶ್ರೇಣಿಕ ಕಾರಣ ಹೇಳಿದ, ಆ ಕಾರಣವೂ ಸುಳ್ಳಲ್ಲ. ಆದರೆ ಆ ಕಾರಣ ಹುಟ್ಟುವ ಮೊದಲೇ, ಬಾಳಾಸಾಬ ಬಾಯಿ ತೆರೆದ ಕೂಡಲೇ, ಬೇಡ ಎಂದು ಅವನ ಒಳಗೆ ತೀರ್ಮಾನವಾಗಿತ್ತು. “ಎರಡ ನಿಮಿಷದ ಕೆಲಸ, ನೀ ಹೋಗು” ಎಂದ. ಬಾಳಾಸಾಬ ಅವ್ವನ ಮುಖ ನೋಡಿದ, ಇವನ ಮುಖ ನೋಡಿದ, ಬೈಕನ್ನು ಓರೆ ಮಾಡಿ ಗೇಟಿನ ಕಂಬಿಯ ಕೆಳಗೆ ನುಸುಳಿ ಹೋದ.

ಶ್ರೇಣಿಕ ಬಾನೆಟ್ಟು ಎತ್ತಿ ನಿಲ್ಲಿಸಿದ. ಎತ್ತಿದ ತಗಡು ಗೋಡೆಯಂತೆ ನಿಂತು ಅವ್ವನನ್ನೂ ಪಡುವಣವನ್ನೂ ಒಟ್ಟಿಗೆ ಮರೆಮಾಡಿತು. ಒಳಗೆ ಎಂಜಿನ್ನಿನ ಬಿಸಿ, ಸುಟ್ಟ ಎಣ್ಣೆಯ ಪರಿಚಿತ ವಾಸನೆ. ಹೊರಗಿನ ಹಾರನ್ನು, ಕೂಗು ಎಲ್ಲ ದೂರವಾದವು. ಈ ವಾಸನೆಯಲ್ಲಿ ಅವನು ಯಾವಾಗಲೂ ಗಂಡಸಾಗುತ್ತಿದ್ದ. ದೀಪ ಹತ್ತಲಿಲ್ಲ, ಆದರೂ ಬ್ಯಾಟರಿ ತುಂಬಲಿಲ್ಲ. ದೀಪ ಹತ್ತಲಿಲ್ಲ. ಆ ಮಾತನ್ನೇ ಎರಡು ಸಲ ಅಂದುಕೊಂಡಾಗ ಅವನಿಗೆ ಹೊಳೆಯಿತು. ಕೀಲಿ ತಿರುವಿದ ಕೂಡಲೇ, ಎಂಜಿನ್ನು ಏಳುವ ಮೊದಲು, ಆ ದೀಪ ಒಮ್ಮೆ ಹತ್ತಲೇಬೇಕು. ಎದ್ದ ಮೇಲೆ ಆರಬೇಕು. ಮೊದಲೂ ಹತ್ತದಿದ್ದರೆ ಅದು ಆರೋಗ್ಯವಲ್ಲ. ದೀಪದಿಂದ ಡೈನಮೋಗೆ ಹೋಗುವ ಸಣ್ಣ ವಾಯರು ಎಲ್ಲೋ ಕಡಿದಿದೆ, ಅದು ಕಡಿದರೆ ಡೈನಮೋಗೆ ಎಚ್ಚರವಾಗುವುದಿಲ್ಲ. ಜೋರಾಗಿ ಓಡಿಸಿದಾಗ ತನ್ನಷ್ಟಕ್ಕೆ ಎಚ್ಚೆತ್ತರೆ ಎಚ್ಚೆತ್ತಿತು, ಇಲ್ಲವಾದರೆ ಇಲ್ಲ. ನಿನ್ನೆಯಿಂದ ಯಾವುದನ್ನು ನೋಡಿ ಹಿಗ್ಗಿದ್ದನೋ ಅದೇ ರೋಗವಾಗಿತ್ತು. ಕೈಯನ್ನು ಬಿಸಿ ಸಂದಿಯೊಳಗೆ ಇಳಿಸಿ ವಾಯರನ್ನು ಬೆರಳಿನಿಂದ ಉದ್ದಕ್ಕೂ ತಡವಿದ. ಮೇಲಿನ ಹೊದಿಕೆ ಎಲ್ಲೂ ಹರಿದಿರಲಿಲ್ಲ.

“ಶ್ರೇಣಿಕಾ, ಹೊತ್ತ ಐತೇನೋ?” ಅವ್ವನ ದನಿ ತಗಡಿನ ಆಚೆಯಿಂದ ಬಂತು.

“ಐತವ್ವ, ಐತಿ” ಎಂದ ಅವನು, ತಲೆ ಎತ್ತದೆ.

ಬೆರಳು ಇಂಚಿಂಚಾಗಿ ಸರಿಯುತ್ತಿತ್ತು. ಡೈನಮೋದ ಹತ್ತಿರ, ವಾಯರು ಬಾಗುವ ಕಡೆ, ಹೊದಿಕೆಯೊಳಗೆ ಒಂದು ಮೆತ್ತಗಿನ ಜಾಗ ಸಿಕ್ಕಿತು. ಹೊರಗೆ ನೋಡಿದರೆ ಏನೂ ಇಲ್ಲ, ಒಳಗೆ ತಾಮ್ರ ಕಡಿದು ಎರಡಾಗಿ ಕೂತಿದೆ. ಎಂಜಿನ್ನು ನಡುಗಿದಾಗ ಕೂಡುತ್ತದೆ, ಅಗಲುತ್ತದೆ. ಸಿಕ್ಕಿತು! ಅಷ್ಟು ದಿನದ ಅವಮಾನವೆಲ್ಲ ಆ ಮೆತ್ತಗಿನ ಜಾಗದಲ್ಲಿ ಅಡಗಿ ಕೂತಿತ್ತು. ಅವನಿಗೆ ಕೂಗಿ ಹೇಳಬೇಕೆನಿಸಿತು, ಬಾಳಾಸಾಬ ಇರಬೇಕಿತ್ತು ಎನಿಸಿತು. ಹಲ್ಲಿನಿಂದ ಹೊದಿಕೆ ಸುಲಿದು, ಎರಡೂ ತುದಿಗಳನ್ನು ಮೋಟಾರಿನ ತಂತಿ ಹೊಸೆಯುವಂತೆ ಅಚ್ಚುಕಟ್ಟಾಗಿ ಹೊಸೆದ. ಸತ್ತ ಬ್ಯಾಟರಿಗೆ ಇದರಿಂದ ಜೀವ ಬರುವುದಿಲ್ಲವೆಂದು ಗೊತ್ತಿತ್ತು. ಗೊತ್ತಿದ್ದೂ, ಹೊಸೆದದ್ದು ಚೆನ್ನಾಗಿ ಕೂಡಲಿಲ್ಲವೆಂದು ಬಿಚ್ಚಿ ಮತ್ತೊಮ್ಮೆ ಹೊಸೆದ. ನಡುವೆ ಅವ್ವ ಇನ್ನೊಮ್ಮೆ ಏನೋ ಅಂದಳು. ಮಾತು ತಿಳಿಯಲಿಲ್ಲ. “ತಡಿಯವ್ವ, ಸಿಕ್ಕೈತಿ, ಸಿಕ್ಕೈತಿ” ಎಂದ. ಆಮೇಲೆ ಅವಳು ಏನೂ ಅನ್ನಲಿಲ್ಲ, ಜಪ ಮಾಡುತ್ತಿದ್ದಾಳೆ ಎಂದುಕೊಂಡ. ಆ ಹೊತ್ತಿನಷ್ಟು ಸಂತೋಷ ಅವನಿಗೆ ಈಚೆಗೆ ಎಂದೂ ಆಗಿರಲಿಲ್ಲ.

ಬಾನೆಟ್ಟು ಇಳಿಸಿದಾಗ ಎದುರಿಗೆ ಸೂರ್ಯ ಇರಲಿಲ್ಲ. ಕಬ್ಬಿನ ಆಚೆ ಒಂದಿಷ್ಟು ಕೆಂಪು ಬಳಿದಿತ್ತು, ಅಷ್ಟೆ. ಗಾಜಿನ ಹಿಂದೆ ಅವ್ವ ತಲೆ ಓರೆ ಮಾಡಿ ಕೂತಿದ್ದಳು. ಬಾಗಿಲು ತೆರೆದು ಮುಟ್ಟಿದರೆ ಮೈ ತಣ್ಣಗೆ, ಹಣೆಯಿಂದ ಬೆವರು ಕಿವಿಯ ಹಿಂದೆ ಇಳಿದು ಕುಪ್ಪಸದ ಕೊರಳು ತೊಯ್ದಿತ್ತು. ಅವಳ ಕೈ ನಡುಗುತ್ತಿತ್ತು. “ಅಪ್ಪಾ, ಚಕ್ಕಡಿ ಬಂತೇನ?” ಎಂದಳು ಅವನನ್ನು ನೋಡಿ. ಅವಳ ಅಪ್ಪ ಸತ್ತು ಎಷ್ಟೋ ಕಾಲವಾಗಿತ್ತು. ಶ್ರೇಣಿಕ ಡ್ಯಾಶ್‌ಬೋರ್ಡಿನ ಖಾನೆ ತೆರೆದ. ಒಳಗೆ ಖಾಲಿ ತಗಡು ಹೊಳೆಯಿತು. ಅವಳ ಸಕ್ಕರೆ ಇಳಿದರೆ ಬೇಕಾಗುತ್ತದೆಂದು ಇಟ್ಟಿದ್ದ ಖಡಿಸಕ್ಕರೆಯ ಡಬ್ಬಿ ಅಂಗಡಿಯ ಮೇಜಿನ ಮೇಲಿತ್ತು, ಅವನೇ ಇಟ್ಟದ್ದು. ಬಾಳಾಸಾಬನಿಗೆ ಒಂದು ಹಿಡಿ ಸಕ್ಕರೆ ತಾ ಎಂದಿದ್ದರೂ ಇಷ್ಟು ಹೊತ್ತಿಗೆ ತಂದಿರುತ್ತಿದ್ದ. ಮನೆಗೆ ಫೋನು ಮಾಡಿದ. “ಸೂಜಿ ಚುಚ್ಚೀರಿ, ಇನ್ನಾ ಉಣಿಸಿಲ್ಲ?” ಎಂದು ಮನಿಷಾ ಚೀರಿದಳು. “ಶುಗರ್ ಇಳಿದೈತ್ರಿ! ಸಕ್ಕರಿ, ಬೆಲ್ಲ, ಏನ ಸಿಗತೈತಿ ಬಾಯಾಗ ಹಾಕ್ರಿ. ನಾ ಓಡ್ಕೊಂತ ಬರತೀನಿ. ನೇಮಾ ಗೀಮಾ ನೋಡಬ್ಯಾಡ್ರಿ, ನಿಮ್ಮ ಕಾಲ ಬೀಳತೀನಿ.” ಅಷ್ಟರಲ್ಲಿ ಹಳಿಯ ಮೇಲೆ ಮಾಲುಗಾಡಿ ಬಂದು ಅವಳ ದನಿಯನ್ನು ನುಂಗಿತು. ಡಬ್ಬಿಯ ಹಿಂದೆ ಡಬ್ಬಿ, ಮುಗಿಯದ ಡಬ್ಬಿಗಳು, ನಿಧಾನವಾಗಿ ಹೋಗತೊಡಗಿದವು.

ಸಕ್ಕರೆ ಎಲ್ಲಿಂದ ತರಲಿ ಎಂದು ಸುತ್ತ ನೋಡಿದ. ಮುಂದೆ ಕಬ್ಬು, ಹಿಂದೆ ಕಬ್ಬು, ರಸ್ತೆಯ ಎರಡೂ ಬದಿಗೆ ಕಬ್ಬು. ಓಡಿ ಹೋಗಿ ಮುಂದಿನ ಟ್ರೇಲರಿನಿಂದ ಒಂದು ಗಳ ಹಿಡಿದು ಜಗ್ಗಿದ. ಬಿಗಿದ ಹೊರೆ ಬಿಡಲಿಲ್ಲ, ಕಾಲು ಕೊಟ್ಟು ಜಗ್ಗಿದಾಗ ಮುರಿದು ಕೈಗೆ ಬಂತು, ಅಂಗೈ ಸೀಳಿತು. ಸಿಪ್ಪೆಯನ್ನು ಹಲ್ಲಿನಿಂದ ಕಿತ್ತು ತುಂಡು ಅವ್ವನ ತುಟಿಗೆ ಹಿಡಿದ. ಅವಳು ಹಲ್ಲಿಲ್ಲದ ಬಾಯಿಯನ್ನು ಬಿಗಿಯಾಗಿ ಮುಚ್ಚಿದಳು. ಎಚ್ಚರ ತಪ್ಪುತ್ತಿದ್ದವಳಿಗೆ ಅದೊಂದು ಎಚ್ಚರ ಹೇಗೆ ಉಳಿದಿತ್ತೋ, ಅಂಗೈಯನ್ನು ಮುಖದ ಹತ್ತಿರ ತಂದು ನೋಡಿ, “ಗೆರಿ ಕಾಣವಲ್ವು” ಎಂದಳು. “ನಿನಗ ಹನಿ ಹಾಕ್ಯಾರವ್ವ, ಅದಕ್ಕ ಕಾಣವಲ್ವು. ನನಗ ಕಾಣತಾವ, ಎಲ್ಲಾ ಗೆರಿ ಕಾಣತಾವ. ಹೊತ್ತ ಐತಿ” ಎಂದ. ಅವನು ಹಿಡಿದಿದ್ದ ಅವಳ ಅಂಗೈ ಬೂದಿಯ ಬಣ್ಣದ ಒಂದು ಹಾಳೆಯಾಗಿತ್ತು, ಅದರಲ್ಲಿ ಅವನ ರಕ್ತ ಅಂಟಿದ್ದು ಮಾತ್ರ ಕಂಡಿತು. ಅವಳು ತಲೆ ಅಲ್ಲಾಡಿಸಿದಳು. ತುಟಿ ಸಡಿಲಾಗುತ್ತ ಬಂತು, ಒಪ್ಪಿ ಅಲ್ಲ, ಸೋತು. ಆಗ ಅವನು ಕಬ್ಬನ್ನು ತನ್ನ ಬಾಯಿಗೇ ಹಾಕಿಕೊಂಡು ಅಗಿದ, ಜಜ್ಜಿದ ಚೂರನ್ನು ಮುಷ್ಟಿಯಲ್ಲಿ ಹಿಂಡಿದ, ಎಡಗೈಯಿಂದ ಅವಳ ದವಡೆ ಒತ್ತಿ ಬಾಯಿ ತೆರೆಸಿ ರಸವನ್ನು ಹನಿಸಿದ. ಅವಳು ಅವನ ಮಣಿಕಟ್ಟನ್ನು ಉಗುರಿನಿಂದ ಗೀರಿದಳು. ಕೇಳದೆ ಕಿತ್ತ ಕಬ್ಬು, ತನ್ನ ಎಂಜಲು, ಹೊತ್ತು ಮುಳುಗಿದ ಮೇಲೆ. ಒಂದು ಜನ್ಮದಲ್ಲಿ ಅವಳು ಯಾವುದನ್ನು ಮುಟ್ಟಲಿಲ್ಲವೋ ಅದೆಲ್ಲವನ್ನು ಅವನು ಬೆರಳ ಸಂದಿಯಿಂದ ಅವಳ ಗಂಟಲಿಗೆ ಇಳಿಸುತ್ತಿದ್ದ. ಮತ್ತೆ ಅಗಿದ, ಮತ್ತೆ ಹಿಂಡಿದ. “ನುಂಗು, ನುಂಗು ಬೇ” ಎಂದು ಎಂದೂ ಅವಳಿಗೆ ಆಡದ ದನಿಯಲ್ಲಿ ಗದರಿದ. ಗಂಟಲು ಒಮ್ಮೆ ಆಡಿತು. ಇನ್ನೊಮ್ಮೆ ಆಡಿತು.

“ಯಾಂವಲೇ ಅಂವಾ, ಹೇರಿನಾಗಿನ ಕಬ್ಬ ಹಿರಿಯಾಂವ?” ಮುಂದಿನ ಟ್ರ್ಯಾಕ್ಟರಿನ ಡ್ರೈವರು ಕೈಯಲ್ಲಿ ಸ್ಪ್ಯಾನರು ಹಿಡಿದು ಬರುತ್ತಿದ್ದ. ದಿಗ್ಗೇವಾಡಿಯ ಮಾಳೇಶ, ಹೋದ ವರ್ಷ ಅವನ ಮೋಟಾರನ್ನು ಶ್ರೇಣಿಕನೇ ಸುತ್ತಿ ಕೊಟ್ಟಿದ್ದ. ಬಾಯಿಂದ ನಾರು ಜೋತು, ಗದ್ದದಿಂದ ರಸ ಸೋರುತ್ತ, ಮುದುಕಿಯೊಬ್ಬಳ ದವಡೆ ಹಿಡಿದು ನಿಂತವನ ಗುರುತು ಹತ್ತಲು ಮಾಳೇಶನಿಗೆ ಹೊತ್ತು ಹಿಡಿಯಿತು. “ಅಯ್ಯ, ಅಣ್ಣಾರ, ನೀವೇನ್ರಿ!” ಎಂದು ಸ್ಪ್ಯಾನರನ್ನು ಬೆನ್ನ ಹಿಂದೆ ಮಾಡಿದ. “ಕಬ್ಬೇನ್ ದೊಡ್ಡದಲ್ಲ ಬಿಡ್ರಿ. ಅವ್ವಾರಿಗೆ ಏನಾತ್ರಿ?” ಶ್ರೇಣಿಕನಿಗೆ ಬಾಯಿ ತುಂಬ ಇದ್ದ ನಾರಿನಿಂದ ಮಾತು ಹೊರಡಲಿಲ್ಲ. ಉಗುಳಲೂ ಆಗಲಿಲ್ಲ, ನುಂಗಲೂ ಆಗಲಿಲ್ಲ. ಕಳ್ಳ ಎಂದುಕೊಂಡ ಆ ಒಂದು ಕ್ಷಣದ ನೋಟವೇ ಸರಿಯಾದ ನೋಟ, ಆಮೇಲಿನ ಮರ್ಯಾದೆ ತಪ್ಪು ತಿಳುವಳಿಕೆ ಎಂದು ಅವನಿಗೆ ಅನಿಸಿತು.

ಮಾಳೇಶ ಹಗ್ಗ ತಂದು ಕಾರಿನ ಮೂತಿಯನ್ನು ತನ್ನ ಟ್ರೇಲರಿನ ಕೊಂಡಿಗೆ ಕಟ್ಟಿದ. “ಅಣ್ಣಾರ, ನೀವು ಬರೇ ಸ್ಟೇರಿಂಗ್ ಹಿಡಕೊಂಡ ಕುಂದರ್ರಿ. ಸಾವಕಾಶ ಮನಿ ಮಟ ಎಳಕೊಂಡ ಹೊಕ್ಕೀನಿ” ಎಂದ. ಗೇಟು ಎದ್ದಿತು. ಗೇಟಿನ ಆಚೆ ಮನಿಷಾ ಬಾಳಾಸಾಬನ ಬೈಕಿನಿಂದ ಇಳಿದು, ಸಕ್ಕರೆ ಕಟ್ಟಿದ ಸೆರಗಿನ ಗಂಟು ಹಿಡಿದುಕೊಂಡು ಓಡಿ ಬಂದು ಕಿಟಕಿಯೊಳಗೆ ಕೈ ಹಾಕಿ ಅತ್ತೆಯ ಕೆನ್ನೆ ಮುಟ್ಟಿದಳು. ಮೈಗೆ ಬಿಸಿ ಬರುತ್ತಿತ್ತು. “ಉಳಿದ್ರು” ಎಂದು ಅಲ್ಲೇ ಅತ್ತುಬಿಟ್ಟಳು. ತಾಟು ತಯಾರು ಮಾಡುತ್ತೇನೆಂದು ಹೇಳಹೊರಟವಳು ಕತ್ತಲಾದ ಆಕಾಶ ನೋಡಿ ಬೈಕು ಹತ್ತಿ ಮುಂದೆ ಹೋದಳು. ಕಾರು ಮೆಲ್ಲಗೆ ಎಳೆಸಿಕೊಂಡು ಹಳಿ ದಾಟಿತು. ದೀಪವಿಲ್ಲ, ಎಂಜಿನ್ನಿನ ಸದ್ದಿಲ್ಲ. ಗೇರಿಗೆ ಹಾಕಿ ಕ್ಲಚ್ಚು ಬಿಟ್ಟಿದ್ದರೆ ಎಂಜಿನ್ನು ಹಿಡಿದುಕೊಳ್ಳುತ್ತಿತ್ತೋ ಏನೋ. ವಾಯರು ಸರಿಯಾಗಿದೆ, ಬ್ಯಾಟರಿ ತುಂಬತೊಡಗುತ್ತಿತ್ತು. ಅವನಿಗೆ ಆ ಮನಸ್ಸೇ ಆಗಲಿಲ್ಲ.

“ಶ್ರೇಣಿಕಾ” ಎಂದಳು ಅವ್ವ. ದನಿ ತೆಳುವಾಗಿತ್ತು, ಆದರೆ ಅವಳದೇ ದನಿ.

“ಹ್ಞೂಂ ಅವ್ವ.”

“ಕಬ್ಬಿನ ಹಾಲ ಕುಡಿಸಿದಿ ಹೌದಲ್ಲೊ? ಬಾಯಿ ಸೀ ಆಗೇತಿ.” ಸೆರಗಿನಿಂದ ತುಟಿ ಒರೆಸಿಕೊಂಡು ಕೇಳಿದಳು. “ಆಗ ಹೊತ್ತ ಇತ್ತೇನು?”

ಇತ್ತು ಎಂದರೆ ಮುಗಿಯಿತು. ಹನಿ ಹಾಕಿದ ಕಣ್ಣಿನವಳು, ಬೆಳಗಿನ ತನಕ ಅವಳಿಗೆ ಇವನೇ ಸೂರ್ಯ. ಇತ್ತವ್ವ ಎಂದು ಅವನ ನಾಲಗೆಯ ತುದಿಗೆ ಬಂದಿತ್ತು ಸಹ. ಆದರೆ ತಂಬಿಗೆ ನೀರು ಕೈ ಮೇಲೆ ಹಾಕಿ ಏನೂ ಕೇಳದೆ ಒಳಗೆ ಹೋಗುತ್ತಿದ್ದವಳು ಇವತ್ತು ಕೇಳಿದ್ದಳು, ಮೊದಲ ಸಲ ಬಾಯಿ ಬಿಟ್ಟು ಕೇಳಿದ್ದಳು. ಎದೆಯೊಳಗಿನದನ್ನೆಲ್ಲ, ಬಾನೆಟ್ಟಿನ ಹಿಂದಿನ ಆ ಹಾಳು ಸಂತೋಷವನ್ನೂ ಸೇರಿಸಿ, ಅವಳ ಉಡಿಯಲ್ಲಿ ಸುರಿದು ಒಂದು ಏಟು ತಿಂದರೆ ಸಾಕೆನಿಸಿತು. ಬಯ್ಯಲಿ, ಅಳಲಿ, ನೀನು ನನ್ನ ಮಗನಲ್ಲ ಎನ್ನಲಿ. ಹಗುರಾಗಬೇಕಿತ್ತು ಅವನಿಗೆ, ಅಷ್ಟೇ ಬೇಕಿತ್ತು.

“ಇರಲಿಲ್ಲವ್ವ” ಎಂದ. “ಮುಳುಗಿತ್ತು. ನಾ ಸುಳ್ಳ ಹೇಳಿದೆ. ನೋಡಲಾರದ ಹೇಳಿದೆ, ನೋಡಿನೂ ಹೇಳಿದೆ.”

ಹೇಳಿದ ಕೂಡಲೇ ಎದೆ ಹಗುರಾಯಿತು, ಕಣ್ಣಲ್ಲಿ ನೀರು ಬಂತು. ಅವ್ವ ಬಯ್ಯಲಿಲ್ಲ. ಕೈ ಚಾಚಿ, ತಡವಿ, ಅವನ ಗದ್ದಕ್ಕೆ ಅಂಟಿದ್ದ ಕಬ್ಬಿನ ನಾರನ್ನು ತೆಗೆದು ಕಿಟಕಿಯಾಚೆ ಹಾಕಿದಳು. “ನೀ ಏನ್ ಮಾಡತಿ, ನಿಂದೇನ್ ತಪ್ಪೈತಿ” ಎಂದಳು. “ಸೂಜಿ ಮೈಯಾಗ ಹೋದ ಮ್ಯಾಲ ತಿನ್ನಾಕ ಬೇಕು. ಆಗ ಹೊತ್ತ ಕೇಳಂಗಿಲ್ಲ, ನೇಮಾ ಕೇಳಂಗಿಲ್ಲ. ಇವತ್ತ ನೀ ಇದ್ದಿ, ನಾಳೆ ಮತ್ತ ಯಾರ ಬಾಯಾಗ ಏನ ಹಾಕತಾರೋ.” ಹಾಲಿನವನಿಗೆ ನಾಳೆ ಹಾಲು ಸಾಕು ಎನ್ನುವ ದನಿಯಲ್ಲೇ ಮುಂದಿನದನ್ನೂ ಹೇಳಿದಳು. “ನಾಳಿಂದ ಸೂಜಿ ಬ್ಯಾಡ.”

ಶ್ರೇಣಿಕನಿಗೆ ಮೊದಲು ಮಾತು ತಲೆಗೆ ಹೋಗಲಿಲ್ಲ. ಹೋದಾಗ ಮುಂದಿನ ಹಗ್ಗ ಮರೆತು ಅವಳ ಕಡೆ ತಿರುಗಿದ. ಸೂಜಿ ಬಿಟ್ಟರೆ ಅವಳು ಎಷ್ಟು ದಿನ ಬದುಕಿಯಾಳು ಎಂದು ಡಾಕ್ಟರು ಅವನಿಗೆ ಹೇಳಿದ್ದರು, ಅವಳ ಎದುರಿಗೇ ಹೇಳಿದ್ದರು.

“ಹಂಗ ಅನಬ್ಯಾಡವ್ವ. ನಾ ಹೆದರಿ ಅಂದೆ. ಹೊತ್ತ ಇತ್ತು. ಖರೇನ ಇತ್ತು, ಕಬ್ಬಿನ ಗರಿ ಮ್ಯಾಲ ಇನ್ನಾ ಇತ್ತು, ನಾ ಕಣ್ಣಾರೆ ನೋಡೇನಿ.”

“ಇರಲಿ ಬಿಡು” ಎಂದಳು ಅವ್ವ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಸಣ್ಣವನಿದ್ದಾಗ ಆಟದ ಬಯಲಿನಿಂದ ಕರೆದುಕೊಂಡು ಹೋಗುವಾಗಿನ ನಗುವಿತ್ತು. ಕುಪ್ಪಸದ ತೋಳನ್ನು ಕೆಳಗೆ ಎಳೆದು, ಅದರ ಮೇಲೆ ಸೆರಗು ಹೊದ್ದುಕೊಂಡಳು. ಹಗ್ಗ ಬಿಗಿಯಾಗಿ ಕಾರು ಒಮ್ಮೆ ಜಗ್ಗಿತು. “ಇತ್ತವ್ವ, ಹೊತ್ತ ಇತ್ತು” ಎಂದು ಶ್ರೇಣಿಕ ಕತ್ತಲಲ್ಲಿ ಮನೆ ಬರುವ ತನಕ ಹೇಳುತ್ತಲೇ ಇದ್ದ.